ಕಡಲ ದಡದಿಂದ ಕಂಡ ರಾಜಧಾನಿ: ಅರಬ್ಬಿ ಬರೆಹಗಳಲ್ಲಿ ಮಾನ್ಯಖೇಟದ ಭೂಗೋಳ ಮತ್ತು ಭಾಷೆ

ಸಾರಾಂಶ

ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡವು ಒಂಬತ್ತು ಮತ್ತು ಹತ್ತನೆಯ ಶತಮಾನಗಳಲ್ಲಿ ಮಾನ್ಯಖೇಟವೆಂಬ ಹೆಸರಿನ ರಾಷ್ಟ್ರಕೂಟ ರಾಜಧಾನಿಯಾಗಿತ್ತು. ಅದೇ ಕಾಲದ ಅರಬ್ಬಿ ಬರೆಹಗಾರರು ಇದನ್ನು ‘ಮಾನ್‌ಕೀರ್’ ಎಂದು ಕರೆದು, ಕಡಲಿನಿಂದ ಅದಕ್ಕಿರುವ ದೂರ, ಅದರ ಸುತ್ತಲ ನೆಲ, ಅಲ್ಲಿಯ ಜನರ ಭಾಷೆ ಇವುಗಳ ಬಗ್ಗೆ ಹೇಳಿಕೆಗಳನ್ನು ದಾಖಲಿಸಿದರು. ಈ ಹೇಳಿಕೆಗಳಲ್ಲಿ ಹಲವು ಮಳಖೇಡದ ನೆಲಕ್ಕೆ ಹೊಂದುವುದಿಲ್ಲ. ಅವನ್ನು ತಪ್ಪುಗಳೆಂದು ಬದಿಗಿಡುವ ಬದಲು, ಹೇಳಿದವರು ಎಲ್ಲಿ ನಿಂತು ಹೇಳಿದರು ಎಂಬ ಪ್ರಶ್ನೆಯ ಮೂಲಕ ಪ್ರಸ್ತುತ ಲೇಖನವು ಓದುತ್ತದೆ. ಅರಬ್ಬಿ ಕಾವ್ಯದಲ್ಲಿ ಊರು ಪಡೆಯುವ ರೂಪವನ್ನೂ ಮಾನ್ಯಖೇಟದಲ್ಲೇ ಹುಟ್ಟಿದ ಅಪಭ್ರಂಶ ಕಾವ್ಯವನ್ನೂ ಹೋಲಿಕೆಗೆ ಎತ್ತಿಕೊಳ್ಳಲಾಗಿದೆ.

ಕೀಲಿಪದಗಳು: ಮಾನ್ಯಖೇಟ, ಮಳಖೇಡ, ಅಲ್ ಮಸೂದಿ, ಸ್ಥಳನಾಮ, ಕೀರಿಯಾ, ಪುಷ್ಪದಂತ, ನಗರಶೋಕ ಕಾವ್ಯ

1. ಪ್ರಸ್ತಾವನೆ

ಚಿಂಚೋಳಿ, ಸೇಡಂ, ಚಿತ್ತಾಪುರ ಸೀಮೆಗಳನ್ನು ಹಾಯ್ದು ಕಾಗಿಣಾ ನದಿ ಭೀಮೆಯನ್ನು ಕೂಡುತ್ತದೆ. ಈ ಎರಡು ನದಿಗಳ ದಂಡೆಯಲ್ಲಿ ಕನ್ನಡ ನಾಡಿನ ಚರಿತ್ರೆಗೆ ಮುಖ್ಯವಾದ ಎರಡು ನೆಲೆಗಳಿವೆ: ಭೀಮೆಯ ದಂಡೆಯ ಸನ್ನತಿ, ಕಾಗಿಣೆಯ ದಂಡೆಯ ಮಳಖೇಡ. ಸನ್ನತಿಯಲ್ಲಿ ಅಶೋಕನ ಶಾಸನಗಳು ದೊರೆತಿವೆ. ಅದರ ನೆರೆಯ ಕನಗನಹಳ್ಳಿಯ ಸ್ತೂಪದಲ್ಲಿ ರಾಜನೊಬ್ಬನ ಶಿಲ್ಪವಿದ್ದು, ಅದೇ ಕಲ್ಲಿನ ಮೇಲೆ ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದಿದೆ. ರೂಪವೂ ಹೆಸರೂ ಒಂದೇ ಕಲ್ಲಿನಲ್ಲಿರುವುದರಿಂದ ಅಲ್ಲಿ ಗುರುತಿಸುವಿಕೆಯ ಸಮಸ್ಯೆ ಏಳುವುದಿಲ್ಲ.

ಮಳಖೇಡದ ಸ್ಥಿತಿ ಇದಕ್ಕೆ ವಿರುದ್ಧವಾದುದು. ಕೋಟೆಯ ಅವಶೇಷ, ಬಸದಿ, ಜಯತೀರ್ಥರ ವೃಂದಾವನ, ದರ್ಗಾ ಇವೆಲ್ಲ ಇರುವ ಈ ಊರಿನಲ್ಲಿ ಹತ್ತನೆಯ ಶತಮಾನದ ಅರಮನೆಯಾಗಲಿ ಅಂಗಡಿ ಬೀದಿಯಾಗಲಿ ಕಣ್ಣಿಗೆ ಬೀಳುವಂತೆ ಉಳಿದಿಲ್ಲ. ಆ ನಗರವನ್ನು ಕುರಿತು ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಬೇರೆ ಬೇರೆ ಭಾಷೆಗಳ ಬರೆಹಗಳಿಂದ ಬಂದುದು. ಹೆಸರು ಒಂದು ಕಡೆ, ನೆಲ ಇನ್ನೊಂದು ಕಡೆ. ಇವೆರಡನ್ನು ಕೂಡಿಸುವ ಕೆಲಸದಲ್ಲಿ ಭಾಷಾವಿಜ್ಞಾನಕ್ಕೆ ನೇರ ಪಾತ್ರವಿದೆ. ಏಕೆಂದರೆ ಮಾನ್‌ಕೀರ್ ಎಂಬ ಪದ ಮಾನ್ಯಖೇಟವೇ ಎಂಬ ನಿರ್ಣಯದಲ್ಲಿ ಇತಿಹಾಸದ ಸಾಕ್ಷ್ಯದಷ್ಟೇ ಧ್ವನಿಯ ಸಾಕ್ಷ್ಯಕ್ಕೂ ತೂಕವಿದೆ. ಮಾನ್‌ಕೀರಿನ ಜನರ ಭಾಷೆ ಯಾವುದು ಎಂಬ ಅರಬ್ಬಿ ಹೇಳಿಕೆಯನ್ನು ಕನ್ನಡದ ಚರಿತ್ರೆಗೆ ಬಳಸಿಕೊಳ್ಳಬಹುದೇ ಎಂಬ ಪ್ರಶ್ನೆಯೂ ಇದರೊಂದಿಗೇ ಬರುತ್ತದೆ.

2. ಅರಬ್ಬಿ ಕಾವ್ಯದಲ್ಲಿ ಊರು

ಅರಬ್ಬಿ ಸಾಹಿತ್ಯಕ್ಕೆ ಸ್ಥಳನಾಮದ ಬಗೆಗಿರುವ ಒಲವು ಅದರ ಆದಿಕಾವ್ಯದಷ್ಟೇ ಹಳೆಯದು. ಇಸ್ಲಾಂಪೂರ್ವ ಯುಗದ ಇಮ್ರುಲ್ ಕೈಸನ ಪ್ರಸಿದ್ಧ ದೀರ್ಘಪದ್ಯವು ಬಿಟ್ಟುಹೋದ ಬೀಡಿನ ಮುಂದೆ ನಿಂತು, ಸುತ್ತಲ ಮರಳುದಿಬ್ಬಗಳ ಮತ್ತು ನೆಲೆಗಳ ಹೆಸರುಗಳನ್ನು ಒಂದಾದ ಮೇಲೊಂದರಂತೆ ಹೇಳುತ್ತ ಆರಂಭವಾಗುತ್ತದೆ. ಅಲ್ಲಿ ಹೆಸರುಗಳು ಅಲಂಕಾರಕ್ಕಾಗಿ ಬಂದವಲ್ಲ. ಪ್ರಿಯೆಯ ಬೀಡು ಇದ್ದ ಜಾಗವನ್ನು ಅವು ಕಟ್ಟಿಕೊಡುತ್ತವೆ. ಹದಿಮೂರನೆಯ ಶತಮಾನದಲ್ಲಿ ಯಾಕೂತನು ತನ್ನ ಬೃಹತ್ ಸ್ಥಳಕೋಶವನ್ನು ರಚಿಸಿದಾಗ ಊರೊಂದರ ಹೆಸರಿಗೆ ಆಧಾರವಾಗಿ ಕವಿಗಳ ಪದ್ಯಗಳನ್ನು ಹೇರಳವಾಗಿ ತಂದುದು ಈ ಪರಂಪರೆಯ ಮುಂದುವರಿಕೆ. ಹೀಗೆ ಕಾವ್ಯವು ಭೂಗೋಳಶಾಸ್ತ್ರಕ್ಕೆ ಪ್ರಮಾಣವಾಯಿತು.

ನಗರಗಳು ಬೆಳೆದ ಮೇಲೆ ಬೀಡಿನ ಜಾಗದಲ್ಲಿ ನಗರವೇ ಬಂದಿತು. 812–813ರ ಮುತ್ತಿಗೆಯಲ್ಲಿ ಬಗ್ದಾದು ಹಾಳಾದಾಗ ಅಲ್ ಖುರೈಮಿ ಅದಕ್ಕೆ ದೀರ್ಘ ಶೋಕಗೀತೆ ಬರೆದನು. 871ರಲ್ಲಿ ಜಂಜ್ ದಂಗೆಕೋರರು ಬಸ್ರಾವನ್ನು ಸೂರೆಗೊಂಡಾಗ ಇಬ್ನ್ ಅಲ್ ರೂಮಿ ಅದಕ್ಕಾಗಿ ಪದ್ಯ ಕಟ್ಟಿದನು. ಈ ಬಗೆಯ ಕಾವ್ಯಕ್ಕೆ ‘ನಗರಗಳ ಶೋಕ’ ಎಂಬ ಹೆಸರೇ ಅರಬ್ಬಿಯಲ್ಲಿ ನಿಂತಿತು. ಬಸ್ರಾದ ಪದ್ಯ ಹುಟ್ಟಿದ ದಶಕದಲ್ಲಿ ಮಾನ್ಯಖೇಟದಲ್ಲಿ ಅಮೋಘವರ್ಷನ ಆಳ್ವಿಕೆ ನಡೆದಿತ್ತು. ಅದೇ ಬಸ್ರಾದ ವರ್ತಕರು ರಾಷ್ಟ್ರಕೂಟರ ಕರಾವಳಿಗೆ ಬಂದುಹೋಗುತ್ತಿದ್ದ ಕಾಲವದು.

ಈ ಹಿನ್ನೆಲೆಯಲ್ಲಿ ಅಲ್ ಮಸೂದಿಯ ಬರೆಹ ಗಮನಾರ್ಹ. ಹಿಜರಿ 332ರಲ್ಲಿ, ಎಂದರೆ 943ರಲ್ಲಿ, ಬರೆಯತೊಡಗಿದ ‘ಮುರೂಜ್ ಅಲ್ ಜಹಬ್’ ಗ್ರಂಥದಲ್ಲಿ ಅವನು ಬಗ್ದಾದಿನ ಮುತ್ತಿಗೆಯನ್ನು ವಿವರಿಸುವಾಗ ಕವಿಗಳ ಪದ್ಯಗಳನ್ನು ಧಾರಾಳವಾಗಿ ಉದ್ಧರಿಸುತ್ತಾನೆ. ಭಾರತದ ಆನೆಯ ಪ್ರಸಂಗದಲ್ಲಿ ಮುಲ್ತಾನದ ಅರಬ್ಬಿ ಕವಿ ಹಾರೂನ್ ಇಬ್ನ್ ಮೂಸಾನ ಪದ್ಯವನ್ನು ತರುತ್ತಾನೆ. ಮುಲ್ತಾನವು ಅರಬರು ನೆಲೆಸಿ ಆಳಿದ ಊರು. ಮಾನ್‌ಕೀರಿನ ವಿಷಯಕ್ಕೆ ಬಂದಾಗ ಅವನು ಕೊಡುವುದು ದೂರ, ಸೈನ್ಯ, ಭಾಷೆ ಎಂಬ ಗದ್ಯದ ವಿವರಗಳನ್ನು. ಬಾಳಿದ ಊರು ಪದ್ಯದಲ್ಲಿ ಬಂದರೆ, ಕೇಳಿ ತಿಳಿದ ಊರು ಅಳತೆಯಲ್ಲಿ ಬಂದಿದೆ. ಈ ಭೇದವು ಮುಂದಿನ ಚರ್ಚೆಗೆ ಆಧಾರ.

3. ದೂರ, ಬೆಟ್ಟ, ಮರ

851ರಲ್ಲಿ ರಚಿತವಾದ, ವರ್ತಕ ಸುಲೈಮಾನನ ಹೆಸರಿಗೆ ಸೇರಿಸಲಾದ ‘ಅಖ್ಬಾರ್ ಅಲ್ ಸೀನ್ ವಲ್ ಹಿಂದ್’ ಗ್ರಂಥವು ಜಗತ್ತಿನ ನಾಲ್ವರು ಮಹಾರಾಜರಲ್ಲಿ ‘ಬಲ್‌ಹರಾ’ನನ್ನು ಒಬ್ಬನೆಂದು ಎಣಿಸುತ್ತದೆ. ಉಳಿದ ಮೂವರು ಅರಬರ, ಚೀನದ ಮತ್ತು ರೋಮಿನ ಅರಸರು. ಬಲ್‌ಹರಾನ ನಾಡು ‘ಕುಮ್‌ಕಮ್’ ಎಂಬ ಕರಾವಳಿಯಿಂದ ತೊಡಗುತ್ತದೆ ಎಂದು ಅದು ಹೇಳುತ್ತದೆ. ಕುಮ್‌ಕಮ್ ಎಂದರೆ ಕೊಂಕಣ. ಒಳನಾಡಿನ ಅರಸನ ರಾಜ್ಯವು ಕರಾವಳಿಯಿಂದ ‘ತೊಡಗುತ್ತದೆ’ ಎಂಬ ಮಾತಿನಲ್ಲೇ ಹೇಳುವವನ ನೆಲೆ ತಿಳಿಯುತ್ತದೆ. ಹಡಗಿನಿಂದ ಇಳಿದವನಿಗೆ ದಡವೇ ಮೊದಲು.

ಅಲ್ ಮಸೂದಿ ಹಿಜರಿ 304ರಲ್ಲಿ, ಎಂದರೆ 916ರ ಹೊತ್ತಿಗೆ, ಬಲ್‌ಹರಾನ ಆಳ್ವಿಕೆಗೆ ಸೇರಿದ ಸೈಮೂರಿನಲ್ಲಿದ್ದನು. ಇದು ಇಂದಿನ ಮಹಾರಾಷ್ಟ್ರ ಕರಾವಳಿಯ ಚೌಲ್. ಅಲ್ಲಿ ಸೀರಾಫ್, ಒಮಾನ್, ಬಸ್ರಾ, ಬಗ್ದಾದುಗಳಿಂದ ಬಂದವರೂ ಅಲ್ಲೇ ಹುಟ್ಟಿದವರೂ ಸೇರಿ ಸುಮಾರು ಹತ್ತು ಸಾವಿರ ಮುಸಲ್ಮಾನರಿದ್ದರೆಂದು ಅವನು ಬರೆಯುತ್ತಾನೆ. ಈ ಸಂಪರ್ಕವು ಮಾರುಕಟ್ಟೆಗೆ ಸೀಮಿತವಾಗಿರಲಿಲ್ಲ. 926ರ ಚಿಂಚಣಿ ತಾಮ್ರಶಾಸನದ ಪ್ರಕಾರ ಸಂಯಾನ ಮಂಡಲವನ್ನು ರಾಷ್ಟ್ರಕೂಟರ ಪರವಾಗಿ ಆಳುತ್ತಿದ್ದವನು ತಾಜಿಕ ಕುಲದ ‘ಮಧುಮತಿ’. ಮುಹಮ್ಮದ್ ಎಂಬ ಹೆಸರು ಸಂಸ್ಕೃತದಲ್ಲಿ ಅರ್ಥವುಳ್ಳ ಪದವಾಗಿ ಮಾರ್ಪಟ್ಟ ಸುಂದರ ನಿದರ್ಶನವಿದು.

ಮಸೂದಿಯ ಪ್ರಕಾರ ಮಾನ್‌ಕೀರ್ ಕಡಲಿನಿಂದ 80 ಸಿಂಧಿ ಫರ್ಸಖ್ ದೂರದಲ್ಲಿದೆ. ಒಂದು ಸಿಂಧಿ ಫರ್ಸಖ್ ಎಂದರೆ 8 ಮೈಲಿ. ಒಟ್ಟು 640 ಮೈಲಿ. ಅರಬ್ಬಿ ಮೈಲಿಯನ್ನು ಸುಮಾರು 2 ಕಿಲೋಮೀಟರ್ ಎಂದು ಹಿಡಿದರೆ ಇದು 1,200 ಕಿಲೋಮೀಟರನ್ನು ಮೀರುತ್ತದೆ. ಚೌಲಿನಿಂದ ಮಳಖೇಡಕ್ಕೆ ನೇರ ದೂರ 500 ಕಿಲೋಮೀಟರಿಗಿಂತ ಕಡಿಮೆ. ಘಟ್ಟವನ್ನೇರುವ, ನದಿಗಳನ್ನು ದಾಟುವ ದಾರಿಯ ಸುತ್ತುಬಳಸನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅಂತರ ದೊಡ್ಡದೇ. ಆದರೆ ಈ ಅಂಕಿಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಅಳತೆಯ ಸೊನ್ನೆ ಕಡಲ ದಡದಲ್ಲಿದೆ. ಅಳತೆಗೋಲು ಮಾನ್ಯಖೇಟದ್ದೂ ಅಲ್ಲ, ಬಗ್ದಾದಿನದೂ ಅಲ್ಲ, ಸಿಂಧಿನದು. ಸಾರ್ಥವಾಹರ ಬಾಯಿಂದ ಬಾಯಿಗೆ ಸಾಗಿದ ಲೆಕ್ಕವೊಂದು ಹಾದಿಯ ಅಳತೆಗಳ ಬದಲಾವಣೆಯಲ್ಲಿ ಹಿಗ್ಗಿರುವುದು ಅಸಹಜವಲ್ಲ.

ಬಲ್‌ಹರಾನ ಸೈನ್ಯದಲ್ಲಿ ಕಾಲಾಳುಗಳೇ ಹೆಚ್ಚು, ಏಕೆಂದರೆ ಅವನ ರಾಜಧಾನಿ ಬೆಟ್ಟಗಳ ನಡುವೆ ಇದೆ ಎಂದೂ ಮಸೂದಿ ಹೇಳುತ್ತಾನೆ. ಮಳಖೇಡವನ್ನು ಕಂಡವರಿಗೆ ಈ ಮಾತು ವಿಚಿತ್ರವಾಗಿ ತೋರುತ್ತದೆ. ಕಾಗಿಣೆಯ ಸುತ್ತ ಇರುವುದು ಎರೆನೆಲದ ಬಯಲು; ತೊಗರಿ, ಜೋಳ ಬೆಳೆಯುವ ನಾಡು. ಹಾಗಾದರೆ ಬೆಟ್ಟ ಎಲ್ಲಿಂದ ಬಂತು? ಸೈಮೂರಿನಲ್ಲಿ ನಿಂತು ಮೂಡಣಕ್ಕೆ ನೋಡಿದರೆ ಉತ್ತರ ಎದುರಿಗೇ ಇದೆ. ಕರಾವಳಿಯವರಿಗೆ ರಾಜಧಾನಿ ಎಂಬುದು ಸಹ್ಯಾದ್ರಿಯ ಆಚೆಗಿನ ಊರು. ‘ಬೆಟ್ಟದ ಮೇಲಿನ ನಾಡು’ ಎಂಬ ಅವರ ಮಾತು ಕೇಳಿದವನ ಲೇಖನಿಯಲ್ಲಿ ‘ಬೆಟ್ಟಗಳ ನಡುವಿನ ನಗರ’ವಾಗಿದೆ. ಇಂದಿಗೂ ಕರಾವಳಿಯ ಕನ್ನಡಿಗರು ಒಳನಾಡನ್ನು ‘ಘಟ್ಟದ ಮೇಲೆ’ ಎಂದು ಕರೆಯುತ್ತಾರೆ. ಆ ಮಾತಿನಿಂದ ಅಲ್ಲಿಯ ಪ್ರತಿ ಊರೂ ಬೆಟ್ಟದ ಮೇಲಿದೆ ಎಂದು ಅರ್ಥವಾಗುವುದಿಲ್ಲ.

ಮೂರನೆಯ ವಿವರ ಇಬ್ನ್ ಅಲ್ ನದೀಮನದು. 987ರ ಅವನ ‘ಫಿಹ್ರಿಸ್ತ್’ ಗ್ರಂಥಸೂಚಿಯು ಮಾನ್‌ಕೀರನ್ನು 40 ಫರ್ಸಖ್ ಉದ್ದದ, ತೇಗ ಮತ್ತು ಬಿದಿರುಗಳಿಂದ ಕಟ್ಟಿದ ನಗರವೆಂದು ವರ್ಣಿಸಿ, ಅಲ್ಲಿಯ ದೇಗುಲದಲ್ಲಿ ಸುಮಾರು 20,000 ಮೂರ್ತಿಗಳಿವೆ ಎನ್ನುತ್ತದೆ. ಸಂಖ್ಯೆಗಳು ಅದ್ಭುತಕಥೆಯ ಮಾದರಿಯವು. ತೇಗದ ಮಾತು ಹೆಚ್ಚು ಕುತೂಹಲದ್ದು. ಮಳಖೇಡದ ನೆಲದಡಿ ಇರುವುದು ಸುಣ್ಣಕಲ್ಲು. ಶಹಾಬಾದಿನ ಹಾಸುಗಲ್ಲಿಗೂ ವಾಡಿಯ ಸಿಮೆಂಟಿಗೂ ಅದೇ ಮೂಲ, ಕನಗನಹಳ್ಳಿಯ ಶಿಲ್ಪಗಳೂ ಅದೇ ಜಾತಿಯ ಕಲ್ಲಿನವು. ಮಾನ್ಯಖೇಟದ ಮನೆಗಳಲ್ಲಿ ಮರದ ಬಳಕೆ ಇದ್ದಿರಬೇಕು. ಆದರೆ ಕಲ್ಲನ್ನು ಬಿಟ್ಟು ತೇಗವನ್ನು ಮಾತ್ರ ಎತ್ತಿ ಹೇಳಿದ ಕಣ್ಣು ಯಾವುದು? ಪರ್ಷಿಯಾ ಕೊಲ್ಲಿಯ ಸೀರಾಫಿನ ಸಿರಿವಂತರ ಬಹುಮಹಡಿ ಮನೆಗಳು ತೇಗದವು ಎಂದು ಅಲ್ ಇಸ್ತಖ್ರಿ ದಾಖಲಿಸಿದ್ದಾನೆ. ಕಡಲಾಚೆಯಿಂದ ಬಂದ ತೇಗವೇ ಅಲ್ಲಿ ಐಶ್ವರ್ಯದ ಗುರುತು. ಕೊಲ್ಲಿಯ ವರ್ತಕರ ಕಲ್ಪನೆಯಲ್ಲಿ ಮಹಾರಾಜನ ನಗರ ತೇಗದ್ದೇ ಆಗಿರಬೇಕಿತ್ತು.

4. ‘ಮಾನ್‌ಕೀರ್’ ಎಂಬ ರೂಪ

ಸಂಸ್ಕೃತ ಶಾಸನಗಳ ರೂಪ ‘ಮಾನ್ಯಖೇಟ’. ಪ್ರಾಕೃತ ಮತ್ತು ಅಪಭ್ರಂಶ ಕೃತಿಗಳದ್ದು ‘ಮಣ್ಣಖೇಡ’. ಅರಬ್ಬಿ ರೂಪವು ಇವೆರಡರಲ್ಲಿ ಯಾವುದಕ್ಕೆ ಹತ್ತಿರ? ಅರಬ್ಬಿಯಲ್ಲಿ ಮೂರ್ಧನ್ಯ ಸ್ಪರ್ಶಗಳಿಲ್ಲ. ‘ಖೇಟ’ದ ಟಕಾರವು ಆ ಲಿಪಿಗೆ ಬರುವಾಗ ತಕಾರ ವರ್ಗದ ಒಂದು ಅಕ್ಷರವಾಗಿ ನಿಲ್ಲುವುದನ್ನು ನಿರೀಕ್ಷಿಸಬಹುದು. ಸ್ವರಮಧ್ಯದ ಡಕಾರವಾದರೋ ಭಾರತದ ಅನೇಕ ಭಾಷೆಗಳಲ್ಲಿ ನಾಲಿಗೆಯನ್ನು ಬಡಿದು ಹೊರಳಿಸುವ, ರಕಾರಕ್ಕೆ ತೀರ ಸಮೀಪದ ಉಚ್ಚಾರಣೆ ಪಡೆಯುತ್ತದೆ. ಹೊರಗಿನವರ ಕಿವಿಗೆ ಅದು ರಕಾರವಾಗಿಯೇ ಕೇಳುತ್ತದೆ. ಆದ್ದರಿಂದ ‘ಕೀರ್’ ಎಂಬುದರ ಹಿಂದೆ ಇರುವುದು ‘ಖೇಟ’ ಅಲ್ಲ, ‘ಖೇಡ’. ಅರಬ್ಬಿಯಲ್ಲಿ ಏಕಾರಕ್ಕೆ ಬೇರೆ ಅಕ್ಷರವಿಲ್ಲದ ಕಾರಣ ಅದನ್ನು ‘ಯಾ’ ಅಕ್ಷರದಿಂದ ಬರೆದು ಈಕಾರದಂತೆ ಓದಲಾಗಿದೆ. ಮಹಾಪ್ರಾಣ ಖಕಾರವು ಕಕಾರವಾಗಿದೆ.

ಮೊದಲ ಭಾಗದ ದೀರ್ಘಸ್ವರ ಇನ್ನೊಂದು ಪ್ರಶ್ನೆಯನ್ನು ಎತ್ತುತ್ತದೆ. ‘ಮಣ್ಣ’ದಲ್ಲಿ ಹ್ರಸ್ವಸ್ವರದ ಮುಂದೆ ದ್ವಿತ್ವವಿದೆ, ‘ಮಾನ್’ನಲ್ಲಿ ದೀರ್ಘಸ್ವರದ ಮುಂದೆ ಒಂದೇ ನಕಾರವಿದೆ. ಇದನ್ನು ಸಂಸ್ಕೃತ ‘ಮಾನ್ಯ’ದ ಪ್ರಭಾವವೆನ್ನಬಹುದು. ದ್ವಿತ್ವವನ್ನು ಸಡಿಲಿಸಿ ಹಿಂದಿನ ಸ್ವರವನ್ನು ಹಿಗ್ಗಿಸುವುದು ಪಶ್ಚಿಮ ತೀರದ ಆರ್ಯಭಾಷೆಗಳ ಪ್ರಸಿದ್ಧ ಲಕ್ಷಣವಾದ್ದರಿಂದ, ಹೆಸರು ಕರಾವಳಿಯ ಬಾಯಿಯಲ್ಲಿ ‘ಮಾನ್‌ಖೇಡ್’ ಆಗಿ ಅರಬರಿಗೆ ದಾಟಿತೆಂದೂ ಹೇಳಬಹುದು. ಎರಡನೆಯ ವಿವರಣೆಯು ಹಿಂದಿನ ಭಾಗದ ಸಾಕ್ಷ್ಯಕ್ಕೆ ಚೆನ್ನಾಗಿ ಒಪ್ಪುತ್ತದೆ. ಕನ್ನಡದ ಬಾಯಿಯಲ್ಲಿ ಇದೇ ಹೆಸರು ಬೇರೆ ದಾರಿ ಹಿಡಿದು ಮಳಖೇಡವಾಯಿತು. ಇಲ್ಲಿ ಹ್ರಸ್ವಸ್ವರ ಹ್ರಸ್ವವಾಗಿಯೇ ಉಳಿದಿದೆ.

‘ಬಲ್‌ಹರಾ’ ಎಂಬುದರ ಮೂಲ ರಾಷ್ಟ್ರಕೂಟರ ‘ವಲ್ಲಭರಾಜ’ ಬಿರುದು. ಇದು ಕೂಡ ಸಂಸ್ಕೃತದಿಂದ ನೇರವಾಗಿ ಬಂದುದಲ್ಲ. ಭಕಾರವು ಹಕಾರವಾದ ‘ಬಲ್ಲಹ’ ರೂಪಕ್ಕೆ ‘ರಾಯ’ ಸೇರಿ ಆದುದು. ಆದಿಯ ವಕಾರ ಬಕಾರವಾಗುವುದು ಕನ್ನಡಕ್ಕೆ ಸಹಜವಾದರೂ ಉತ್ತರದ ಹಲವು ಭಾಷೆಗಳಲ್ಲಿಯೂ ಅದು ಉಂಟು. ಆದಕಾರಣ ಈ ಒಂದು ಬಕಾರವನ್ನೇ ನೆಚ್ಚಿ ಹೆಸರು ಕನ್ನಡಿಗರಿಂದಲೇ ಅರಬರಿಗೆ ತಲುಪಿತೆಂದು ಸಾಧಿಸಲಾಗದು. ಇಬ್ನ್ ಖುರ್ದಾದ್‌ಬಿಹ್ ಇದಕ್ಕೆ ‘ರಾಜರ ರಾಜ’ ಎಂದು ಅರ್ಥ ಹೇಳಿದನು. ಪದದ ನಿಜಾರ್ಥ ‘ಪ್ರಿಯನಾದ ಅರಸು’. ಅವನು ಕೊಟ್ಟದ್ದು ಪದದ ಅರ್ಥವನ್ನಲ್ಲ, ಪದವಿಯ ಎತ್ತರವನ್ನು.

5. ‘ಕೀರಿಯಾ’ ಮತ್ತು ಕನ್ನಡ

ಮಾನ್‌ಕೀರಿನ ಜನರ ಭಾಷೆ ‘ಕೀರಿಯಾ’, ಅದು ‘ಕೀರಾ’ ಎಂಬ ನಾಡಿನಿಂದ ಬಂದ ಹೆಸರು; ಸೈಮೂರ್, ಸೂಬಾರಾ, ತಾನಾ ಮುಂತಾದ ಕರಾವಳಿಯ ಊರುಗಳಲ್ಲಿ ‘ಲಾರಿಯಾ’ ಎಂಬ ಬೇರೆ ಭಾಷೆ ಇದೆ ಎಂದು ಮಸೂದಿ ಬರೆಯುತ್ತಾನೆ. ಕೀರಿಯಾ ಕನ್ನಡವೇ ಎಂದು ಗುರುತಿಸಿದವರುಂಟು. ಈ ಗುರುತಿಗೆ ಲಿಪಿಯ ಬೆಂಬಲವೂ ಇದೆ. ಅರಬ್ಬಿಯಲ್ಲಿ ಪದದ ನಡುವೆ ಬರುವ ‘ಯಾ’ ಮತ್ತು ‘ನೂನ್’ ಅಕ್ಷರಗಳ ಒಡಲು ಒಂದೇ. ಕೆಳಗೆ ಎರಡು ಚುಕ್ಕೆಯಿದ್ದರೆ ‘ಯಾ’, ಮೇಲೆ ಒಂದು ಚುಕ್ಕೆಯಿದ್ದರೆ ‘ನೂನ್’. ಚುಕ್ಕೆ ಪಲ್ಲಟವಾದರೆ ‘ಕನರಿಯಾ’ವು ‘ಕೀರಿಯಾ’ ಆಗಿಬಿಡುತ್ತದೆ. ನಾಡಿನ ಹೆಸರೂ ಅದೇ ರೀತಿ ‘ಕನರಾ’ದಿಂದ ‘ಕೀರಾ’ ಆಗುತ್ತದೆ.

ಆದರೆ ಸಾಧ್ಯತೆಯೇ ಸಿದ್ಧಾಂತವಲ್ಲ. ಚುಕ್ಕೆಯನ್ನು ನಮಗೆ ಬೇಕಾದಲ್ಲಿ ಇಡಬಹುದಾದರೆ ಬೇರೆಯವರೂ ತಮಗೆ ಬೇಕಾದಲ್ಲಿ ಇಡಬಲ್ಲರು. ಮಸೂದಿಯ ಹೇಳಿಕೆಯ ಗಟ್ಟಿ ಭಾಗ ಹೆಸರಿನಲ್ಲಿಲ್ಲ, ವಿಭಜನೆಯಲ್ಲಿದೆ. ಒಬ್ಬನೇ ಅರಸನ ಆಳ್ವಿಕೆಯಲ್ಲಿ ಕರಾವಳಿಯ ಮಾತು ಬೇರೆ, ರಾಜಧಾನಿಯ ಮಾತು ಬೇರೆ ಎಂಬುದನ್ನು ಅವನು ಖಚಿತವಾಗಿ ಗುರುತಿಸಿದ್ದಾನೆ. ಸಹ್ಯಾದ್ರಿಯ ಈಚೆಗೆ ಭಾಷೆ ಬದಲಾಗುತ್ತದೆ ಎಂಬ ಅರಿವು ಕರಾವಳಿಯಲ್ಲಿ ನಿಂತವನಿಗೆ ಸಹಜವಾಗಿ ದೊರೆಯುವಂಥದು.

ಇದನ್ನು ‘ಕವಿರಾಜಮಾರ್ಗ’ದ ಹೇಳಿಕೆಯೊಂದಿಗೆ ಇಟ್ಟು ನೋಡಬೇಕು. ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಹುಟ್ಟಿದ ಆ ಕೃತಿಯು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ ನಾಡೆಂದು ಗುರುತಿಸುತ್ತದೆ. ಕನ್ನಡದ ತಿರುಳಾದ ಪ್ರದೇಶವನ್ನು ಮಾತ್ರ ಅದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಇರಿಸುತ್ತದೆ. ಕೃತಿಯನ್ನು ಪೋಷಿಸಿದ ರಾಜಧಾನಿಯೇ ಈ ನಾಲ್ಕರಲ್ಲಿಲ್ಲ. ಮಾನ್ಯಖೇಟದಲ್ಲಿ ಶಾಕಟಾಯನನ ಸಂಸ್ಕೃತ ವ್ಯಾಕರಣಕ್ಕೆ ಅರಸನ ಹೆಸರಿನ ‘ಅಮೋಘವೃತ್ತಿ’ ಹುಟ್ಟಿತು. ಮುಂದೆ ಮೂರನೆಯ ಕೃಷ್ಣನ ಕಾಲದಲ್ಲಿ ಪೊನ್ನನ ಕನ್ನಡವೂ ಪುಷ್ಪದಂತನ ಅಪಭ್ರಂಶವೂ ಏಕಕಾಲಕ್ಕೆ ಮನ್ನಣೆ ಪಡೆದವು. ‘ಕವಿರಾಜಮಾರ್ಗ’ವು ಹೇಳುವುದು ಕಾವ್ಯಕ್ಕೆ ಪ್ರಮಾಣವಾಗಬೇಕಾದ ನುಡಿಯ ನೆಲೆಯನ್ನು; ಮಸೂದಿ ಹೇಳುವುದು ಊರವರು ಆಡುವ ಮಾತನ್ನು. ಒಂದು ಆದರ್ಶದ ಭೂಗೋಳ, ಇನ್ನೊಂದು ಬಳಕೆಯ ಭೂಗೋಳ. ಇವೆರಡೂ ಪರಸ್ಪರ ವಿರುದ್ಧವಲ್ಲ. ಆದರೆ ಒಂದನ್ನು ಇನ್ನೊಂದರ ರುಜುವಾತಾಗಿ ಬಳಸುವುದು ಶಾಸ್ತ್ರೀಯವಾಗದು.

6. ತೋಪಿನಿಂದ ಕಂಡ ನಗರ

ಕರಾವಳಿಯ ಕಣ್ಣಿಗೆ ಎದುರಾಗಿ ನಗರದ ಅಂಚಿಗೇ ಬಂದು ನಿಂತ ಕವಿಯೊಬ್ಬನ ಕಣ್ಣಿದೆ. ಪುಷ್ಪದಂತನು ‘ಮಹಾಪುರಾಣ’ವನ್ನು 959ರಿಂದ 965ರವರೆಗೆ ಮಾನ್ಯಖೇಟದಲ್ಲಿ ರಚಿಸಿದನು. ದೂರದಿಂದ ನಡೆದು ಬಳಲಿ ಬಂದ ಕವಿ ನಗರದ ಹೊರಗಿನ ತೋಪಿನಲ್ಲಿ ತಂಗುತ್ತಾನೆ. ಇಬ್ಬರು ಬಂದು ಊರೊಳಗೆ ಬರುವಂತೆ ಕೇಳಿಕೊಂಡಾಗ ಅರಸರ ಸಂಗವೇ ಬೇಡವೆಂದು ಹಿಂಜರಿಯುತ್ತಾನೆ. ಕೊನೆಗೆ ಮಂತ್ರಿ ಭರತನ ಮನೆ ಅವನಿಗೆ ಆಶ್ರಯವಾಗುತ್ತದೆ. ಮುಂದೆ ಭರತನ ಮಗ ನನ್ನನ ಆಶ್ರಯದಲ್ಲಿ ಬರೆದ ‘ಣಾಯಕುಮಾರಚರಿಉ’ ಕಾವ್ಯದಲ್ಲಿ ಮಾನ್ಯಖೇಟವು ಮುಗಿಲು ಮುಟ್ಟುವ ಬಿಳಿಯ ಸೌಧಗಳ ವಿಶಾಲ ನಗರವಾಗಿ ಬರುತ್ತದೆ. ಕೃಷ್ಣರಾಜನ ಕೈಯ ಖಡ್ಗವೇ ನೀರಿನ ಹೊನಲಾಗಿ ಆ ನಗರವನ್ನು ದುರ್ಗಮಗೊಳಿಸಿದೆ.

ಈ ವರ್ಣನೆಯಲ್ಲಿ ಕವಿಸಮಯವಿದೆ ನಿಜ. ಆದರೂ ಅದರ ಕಟ್ಟೋಣ ಅರಬ್ಬಿ ವರದಿಗಳಿಗಿಂತ ಬೇರೆ. ಅಲ್ಲಿ ಬೆಟ್ಟವಿಲ್ಲ, ಊರಿನ ರಕ್ಷಣೆಗೆ ಕವಿ ನೀರಿನ ರೂಪಕವನ್ನು ಆರಿಸಿಕೊಂಡಿದ್ದಾನೆ. ಬಯಲಿನ ನಡುವೆ ನದಿಯ ದಂಡೆಯಲ್ಲಿರುವ ಊರಿಗೆ ಒಪ್ಪುವ ರೂಪಕವದು. ಎತ್ತರ ನೆಲಕ್ಕೆ ಸೇರಿದ್ದಲ್ಲ, ಸೌಧಗಳಿಗೆ ಸೇರಿದ್ದು. ಮಸೂದಿಯ ನಗರವನ್ನು ಬೆಟ್ಟ ಕಾಯುತ್ತದೆ, ಪುಷ್ಪದಂತನ ನಗರವನ್ನು ಖಡ್ಗದ ಹೊಳೆ ಕಾಯುತ್ತದೆ.

7. ಊರು ಅಳಿದ ಮೇಲೆ

972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷ ತೈಲಪನ ಏಳ್ಗೆಯಿಂದ ರಾಷ್ಟ್ರಕೂಟರ ಆಳ್ವಿಕೆ ಕೊನೆಗೊಂಡಿತು. ಈ ಘಟನೆಗೆ ಎರಡು ಸಾಹಿತ್ಯಕ ಸಾಕ್ಷಿಗಳಿವೆ. ಒಂದು, ಧನಪಾಲನು ತನ್ನ ತಂಗಿ ಸುಂದರಿಗಾಗಿ ಧಾರೆಯಲ್ಲಿ ರಚಿಸಿದ ಪ್ರಾಕೃತ ನಿಘಂಟು ‘ಪಾಇಯಲಚ್ಛೀ’. ವಿಕ್ರಮ ಸಂವತ್ 1029ರಲ್ಲಿ, ಮಾಳವದವರು ಮಣ್ಣಖೇಡವನ್ನು ಲೂಟಿ ಮಾಡಿದಾಗ ಇದನ್ನು ಮುಗಿಸಿದೆನೆಂದು ಅವನು ಹೇಳುತ್ತಾನೆ. ಗೆದ್ದವರ ಊರಿನಲ್ಲಿ ಕುಳಿತವನಿಗೆ ಒಂದು ನಗರದ ನಾಶವು ಪದಕೋಶದ ಕಾಲಸೂಚಿಯಾಗಿದೆ. ಇನ್ನೊಂದು, ‘ಮಹಾಪುರಾಣ’ದ ಕೆಲವು ಹಸ್ತಪ್ರತಿಗಳಲ್ಲಿ ಸಿಗುವ ಸಂಸ್ಕೃತ ಪದ್ಯ. ದೀನರಿಗೆ ಆಸರೆಯಾಗಿದ್ದ, ಹೂಬಳ್ಳಿಗಳ ತೋಟಗಳಿದ್ದ, ವಿದ್ವಾಂಸರಿಗೆ ಪ್ರಿಯವಾಗಿದ್ದ ನಗರವು ಧಾರೆಯ ಅರಸನ ಕೋಪಾಗ್ನಿಯಲ್ಲಿ ಸುಟ್ಟುಹೋಯಿತೆಂದು ಅದು ದುಃಖಿಸುತ್ತದೆ. ಕವಿ ಪುಷ್ಪದಂತನು ಇನ್ನೆಲ್ಲಿ ವಾಸಿಸಬೇಕೆಂದು ಕೇಳುತ್ತದೆ.

ಬಸ್ರಾಕ್ಕೆ ಇಬ್ನ್ ಅಲ್ ರೂಮಿ ಮಾಡಿದ್ದನ್ನು ಮಾನ್ಯಖೇಟಕ್ಕೆ ಈ ಒಂದು ಪದ್ಯ ಮಾಡಿದೆ. ಎರಡರ ನಡುವೆ ಪ್ರಭಾವವನ್ನು ಹುಡುಕಬೇಕಾಗಿಲ್ಲ. ಕವಿಯ ದುಃಖವು ಊರನ್ನು ಅಳತೆಯಿಂದ ಬಿಡಿಸಿ ನೆನಪಿಗೆ ತರುವ ಬಗೆ ಎರಡೂ ಕಡೆ ಒಂದೇ. ಇದರೊಂದಿಗೆ ‘ಫಿಹ್ರಿಸ್ತ್’ನ ವರ್ಷವನ್ನು ಇಟ್ಟು ನೋಡಿದರೆ ಚಿತ್ರ ಪೂರ್ಣವಾಗುತ್ತದೆ. ನಗರ ಸೂರೆಹೋದ ಹದಿನೈದು ವರ್ಷಗಳ ಬಳಿಕವೂ ಬಗ್ದಾದಿನ ಪುಸ್ತಕದಲ್ಲಿ ಮಾನ್‌ಕೀರ್ ತೇಗದ ಮನೆಗಳೊಂದಿಗೆ ನಿಂತೇ ಇತ್ತು. ಕೇಳಿ ತಿಳಿದ ಊರಿಗೆ ಅಳಿವಿನ ಸುದ್ದಿ ತಡವಾಗಿ ತಲುಪುತ್ತದೆ.

8. ಸಮಾರೋಪ

ಅರಬ್ಬಿ ಬರೆಹಗಳ ಮಾನ್‌ಕೀರ್ ಕಡಲ ದಡದಿಂದ ಕಂಡ ಮಾನ್ಯಖೇಟ. 640 ಮೈಲಿಯ ದೂರ, ಇಲ್ಲದ ಬೆಟ್ಟ, ತೇಗದ ಮನೆ, ಕರಾವಳಿಯ ಉಚ್ಚಾರಣೆಯಲ್ಲಿ ತೇಯ್ದ ಹೆಸರು, ಕರಾವಳಿಯಿಂದ ಭಿನ್ನವಾದ ಭಾಷೆ: ಇವೆಲ್ಲವೂ ಸೈಮೂರಿನಲ್ಲಿ ನಿಂತು ಓದಿದರೆ ಅರ್ಥವಾಗುತ್ತವೆ, ಮಳಖೇಡದಲ್ಲಿ ನಿಂತು ಓದಿದರೆ ತೊಡಕಾಗುತ್ತವೆ. ಈ ವಿವರಗಳು ಮಳಖೇಡದ ನೆಲಕ್ಕೆ ಹೊಂದುವುದಿಲ್ಲವೆಂಬ ಕಾರಣಕ್ಕೆ ಮಾನ್‌ಕೀರ್ ಬೇರೊಂದು ಊರೆಂದು ವಾದಿಸುವ ಅಗತ್ಯವಿಲ್ಲ. ‘ಖೇಡ’ದಿಂದ ‘ಕೀರ್’ ಆದ ಧ್ವನಿವ್ಯತ್ಯಾಸವು ಗುರುತನ್ನು ಎತ್ತಿಹಿಡಿಯುತ್ತದೆ. ಹಾಗೆಯೇ ‘ಕೀರಿಯಾ’ ಎಂಬ ಒಂದೇ ಪದದ ಬಲದಿಂದ ರಾಜಧಾನಿಯ ಜನಭಾಷೆಯನ್ನು ನಿರ್ಣಯಿಸುವುದಕ್ಕಿಂತ, ಒಳನಾಡು ಮತ್ತು ಕರಾವಳಿಗಳ ನಡುವೆ ಮಸೂದಿ ಕಂಡ ಭಾಷಾಗಡಿಯನ್ನು ಆಧಾರವಾಗಿಸಿಕೊಳ್ಳುವುದು ಹೆಚ್ಚು ಭದ್ರ. ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಇಂದಿಗೂ ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಅಲ್ಲಿಯ ಊರುಗಳ ಹೆಸರುಗಳು ಈ ಒಂದೊಂದು ಬಾಯಿಯಲ್ಲೂ ಹೇಗೆ ರೂಪಾಂತರಗೊಳ್ಳುತ್ತವೆ ಎಂಬುದರ ಕ್ಷೇತ್ರಾಧ್ಯಯನವು ‘ಮಣ್ಣಖೇಡ’ದಿಂದ ‘ಮಳಖೇಡ’ದವರೆಗಿನ ದಾರಿಯನ್ನು ಗುರುತಿಸಲು ನೆರವಾಗಬಲ್ಲದು. ಹಳೆಯ ಬರೆಹಗಳಲ್ಲಿ ಊರನ್ನು ಹುಡುಕುವ ಮುನ್ನ ಬರೆದವನು ಯಾವ ದಾರಿಯಿಂದ ಬಂದನೆಂದು ಕೇಳುವುದೇ ಮೊದಲ ಹೆಜ್ಜೆಯಾಗಬೇಕು.